ಎರಡು ವೀಳ್ಯ ಇಟ್ಟ ಸಣ್ಣಮ್ಮ

ಚಂದಕವಾಡಿ ಕಡೆಯ ಕೆಲವರು ಸಣ್ಣಮ್ಮನನ್ನು ‘ಎರಡು ಕಡೆ ತಿಂದವಳು’ ಎನ್ನುತ್ತಾರೆ. ನನ್ನ ಹೋಟೆಲಿನಲ್ಲಿ ಕೂತು, ನನ್ನ ಕಾಫಿ ಕುಡಿಯುತ್ತಲೇ ಒಬ್ಬ ಹಾಗೆ ಅಂದ. ಲೋಟ ಕಿತ್ತುಕೊಂಡು, ಎದ್ದು ಹೋಗಯ್ಯ ಎಂದೆ. ಅವನು ಹೋದ, ಮಾತು ಹೋಗಲಿಲ್ಲ. ಹೋಟೆಲಿಗೆ ಬರುವ ಮೇಷ್ಟರು, “ಎಷ್ಟು ಜನರ ಲೋಟ ಕಿತ್ಕೋತೀರಿ? ನಡೆದದ್ದನ್ನ ಬರೆದುಬಿಡಿ” ಎಂದರು. ನಾನು ಸ್ಕೂಲಿನಲ್ಲಿ ಕೂತದ್ದು ನಾಲ್ಕು ವರ್ಷ, ಅದರಲ್ಲಿ ಅರ್ಧ ಬೆಂಚಿನ ಮೇಲೆ ನಿಂತದ್ದೇ. ಆದರೂ ಕಣ್ಣಾರೆ ಕಂಡದ್ದನ್ನು ಬರೆಯಲು ಪಂಡಿತನಾಗಬೇಕಿಲ್ಲ.

ಬೀಸುವ ಕಲ್ಲು, ರುಬ್ಬುವ ಒರಳು ಸವೆದು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟು ಆಗುವುದಿಲ್ಲ. ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮೈಗೆಲ್ಲ ಸಣ್ಣ ಸಣ್ಣ ಗುಳಿ ಹೊಡೆದು ಮತ್ತೆ ಒರಟು ಮಾಡಬೇಕು. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಆ ಕೆಲಸ ಸಣ್ಣಮ್ಮನದು. ಗಂಡ ಸತ್ತ ಮೇಲೆ ಅವನ ಉಳಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೊರಟವಳು. ಗಂಡಸರ ಕೆಲಸ ನಿನಗ್ಯಾಕೆ ಎಂದವರಿಗೆ, “ಕಲ್ಲಿಗೆ ಗೊತ್ತಾದದಾ ಒಡೆಯೋರು ಗಂಡೋ ಎಣ್ಣೋ ಅಂತ?” ಎಂದು ಕೇಳಿದಳಂತೆ.

ನನ್ನ ಹೋಟೆಲಿನ ಒರಳಿಗೂ ಅವಳೇ ಬರುತ್ತಿದ್ದಳು. ನನ್ನನ್ನು ‘ಓಟ್ಲಣ್ಣ’ ಎಂದು ಕರೆಯುವಳು. ಒರಳನ್ನು ಒಮ್ಮೆ ಸವರಿ ನೋಡಿ ನನ್ನ ಹೆಂಡತಿಗೆ ಕೇಳುವ ಹಾಗೆ, “ಇದೇನವ್ವ, ನಿಮ್ಮ ಯಜಮಾನ್ರ ತಲೆಗಿಂತ ನುಣ್ಣಗಾಗದೆ!” ಎನ್ನುವಳು. ಬೇರೆ ಯಾರಾದರೂ ನನ್ನ ಬೋಳುತಲೆಯ ಸುದ್ದಿ ಎತ್ತಿದ್ದರೆ ಅವರಿಗೆ ಅಂದು ಇಡ್ಲಿ ಸಿಗುತ್ತಿರಲಿಲ್ಲ. ಸಣ್ಣಮ್ಮ ಅಂದರೆ ನಗು ಬರುತ್ತಿತ್ತು. ಅವಳು ಕೆಲಸ ಮಾಡುವಾಗ ಎಡಗೈಯ ಉಳಿ ಕಲ್ಲಿನ ಮೇಲೆ ತಾನಾಗಿ ಓಡುತ್ತಿರುವಂತೆಯೂ ಬಲಗೈಯ ಸುತ್ತಿಗೆ ಅದನ್ನು ಅಟ್ಟಿಸಿಕೊಂಡು ಹೋಗುತ್ತಿರುವಂತೆಯೂ ಕಾಣುತ್ತಿತ್ತು.

ಆ ಬಲಗೈ ಹೋದದ್ದು ಐವತ್ತೈದನೆಯ ಇಸವಿಯಲ್ಲಿ, ತೆರಕಣಾಂಬಿ ದಾಟಿದ ಮೇಲಿನ ತಿರುವಿನಲ್ಲಿ. ಬಸ್ಸಿನಲ್ಲಿ ನಾನೂ ಇದ್ದೆ, ಆದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಎಚ್ಚರವಾದದ್ದು ಕೂಗಿಗೆ, ನಡೆದದ್ದು ತಿಳಿದದ್ದು ಆಮೇಲೆ ಬಸ್ಸಿನವರ ಬಾಯಿಂದ. ಎಡಗಡೆ ಬಿದಿರು ತುಂಬಿದ ಒಂದು ಲಾರಿ ನಿಂತಿತ್ತು. ಡ್ರೈವರು ನೀರು ತರಲು ಹೋಗಿದ್ದ. ಬಿದಿರಿನ ತುದಿಗಳು ಲಾರಿಯ ಹಿಂದಕ್ಕೆ ಎರಡಾಳುದ್ದ ಚಾಚಿದ್ದವು, ಕಟ್ಟಬೇಕಾದ ಕೆಂಪು ಬಟ್ಟೆ ಇರಲಿಲ್ಲ. ಎದುರಿನಿಂದ ಎತ್ತಿನ ಗಾಡಿ ಬಂತು, ನಮ್ಮ ಬಸ್ಸು ಎಡಕ್ಕೆ ಸರಿಯಿತು. ಕಾಲ ಬಳಿಯ ಉಳಿ ಚೀಲಕ್ಕೆ ಎಡಗೈ ಚಾಚಿ, ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದ ಸಣ್ಣಮ್ಮನ ಆ ಕೈಗೆ ಬಿದಿರು ಬಂದು ಬಡಿಯಿತು. ಸರಳಿಗೂ ಬಿದಿರಿಗೂ ನಡುವೆ ಕೈ ಜಜ್ಜಿಹೋಯಿತು.

ಡ್ರೈವರ್ ಬಸವಯ್ಯ ಬಸ್ಸಿನಿಂದ ಹಾರಿ ಬಂದು ತನ್ನ ಅಂಗಿ ಹರಿದು ಅವಳ ಕೈಗೆ ಸುತ್ತಿದ. ಎಲ್ಲೂ ನಿಲ್ಲಿಸದೆ ಗುಂಡ್ಲುಪೇಟೆಗೆ ಓಡಿಸಿದ. ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಜೀವ ಉಳಿಯಿತು, ಹೆಬ್ಬೆಟ್ಟೂ ಪಕ್ಕದ ಎರಡು ಬೆರಳೂ ಉಳಿಯಲಿಲ್ಲ. ಉಳಿದ ಎರಡರಿಂದ ಸುತ್ತಿಗೆ ಹಿಡಿಯುವುದು ಹೇಗೆ? ಹೊಟ್ಟೆಗೆ ಇದ್ದದ್ದು ಅದೊಂದೇ ದಾರಿ.

ಬಸ್ಸಿಗಾಗಲಿ ಲಾರಿಗಾಗಲಿ ವಿಮೆ ಮಾಡಿಸದೆ ರಸ್ತೆಗೆ ಬಿಡುವ ಹಾಗಿಲ್ಲ ಎಂದು ಆ ಹೊತ್ತಿಗೆ ಕಾನೂನು ಬಂದಿತ್ತು. ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರವನ್ನು ವಿಮಾ ಕಂಪನಿ ಕೊಡಬೇಕು. ಲಾರಿಯ ಕಂಪನಿಯ ಏಜೆಂಟರು ಗುಂಡ್ಲುಪೇಟೆಯ ನೀಲಕಂಠಸ್ವಾಮಿ. ಬಸ್ಸಿನ ಕಂಪನಿಯ ಏಜೆಂಟ್ ನಮ್ಮ ಚಾಮರಾಜನಗರದ ಶಿವಮಲ್ಲಪ್ಪ, ನನಗೆ ದೂರದ ನೆಂಟನೂ ಹೌದು. ಸಣ್ಣಮ್ಮನಿಗೆ ನಾಲ್ಕು ಮಾತು ಆಡಿಕೊಡಲು ಜೊತೆಗೊಬ್ಬ ಬೇಕಿತ್ತು, ನಾನು ಹೊರಟೆ.

ನೀಲಕಂಠಸ್ವಾಮಿಯವರು ಮಜ್ಜಿಗೆ ಕೊಟ್ಟರು. ಕೈ ನೋಡಿ ಲೊಚಗುಟ್ಟಿದರು. ಆಮೇಲೆ, “ನೋಡೀಮ್ಮ, ನಮ್ಮ ಲಾರಿ ನಿಂತಿತ್ತು. ನಿಂತಿದ್ದದ್ದು ಹೋಗಿ ಗುದ್ದೋಕಾಗುತ್ತಾ? ನೀವು ಮೊದಲು ಬಸ್ಸಿನ ಕಂಪನಿಗೆ ಕೊಡಿ. ಅವರು ಆಗಲ್ಲ ಅಂತ ಬರೆದುಕೊಟ್ಟರೆ ಆಮೇಲೆ ನಮ್ಮ ಹತ್ತಿರ ಬನ್ನಿ” ಎಂದರು.

ಶಿವಮಲ್ಲಪ್ಪ ಮಜ್ಜಿಗೆಯನ್ನೂ ಕೊಡಲಿಲ್ಲ. “ಕೆಂಪು ಬಟ್ಟೆ ಇಲ್ದೆ ಬಿದಿರು ಚಾಚ್ಕಂಡು ತಿರುವಲ್ಲಿ ನಿಲ್ಸವ್ನಲ್ಲ, ಅವನ ಕಂಪನಿಗೆ ಮೊದಲು ಓಗಿ. ಅಲ್ಲಿ ಆಗ್ದಿದ್ರೆ ನೋಡುವ” ಎಂದ.

“ಅವರು ನಿನ್ನ ಹತ್ರ ಮೊದಲು ಅಂತಾರೆ ಕಣಯ್ಯ!”

“ಅವರು ಅಂದರೆ ನಾನು ಕುಣೀಬೇಕಾ? ನೀನು ದೋಸೆ ಉಯ್ಯೋದು ಬುಟ್ಟು ಲಾಯರಿಕೆ ಯಾವಾಗ ಕಲ್ತೆ, ಪುಟ್ಟಮಲ್ಲಪ್ಪ?”

ನಾನು ಅಲ್ಲಿ ಏನೆಂದೆನೋ ಅದನ್ನು ಅಚ್ಚು ಹಾಕುವಂತಿಲ್ಲ.

ಹೀಗೆ ಗುಂಡ್ಲುಪೇಟೆಗೆ ಹೋಗುವುದು, ಚಾಮರಾಜನಗರಕ್ಕೆ ಬರುವುದು. ಅವರು ಆಗುವುದಿಲ್ಲ ಎನ್ನಲಿಲ್ಲ, ಆಗುತ್ತದೆ ಎನ್ನಲಿಲ್ಲ. ‘ಮೊದಲು ಅಲ್ಲಿಗೆ’ ಎಂದಷ್ಟೇ ಹೇಳಿದರು. ಆಗುವುದಿಲ್ಲ ಎಂದು ಬರೆದುಕೊಡಿ ಎಂದರೆ ಅದನ್ನೂ ಕೊಡಲಿಲ್ಲ. ಗಾಯ ಒಣಗಿತು, ಮಳೆಗಾಲ ಹೋಯಿತು, ರಾಗಿ ಕೊಯ್ಲು ಬಂತು. ಸಣ್ಣಮ್ಮ ನನ್ನ ಹೋಟೆಲಿನಲ್ಲಿ ಎಡಗೈಯಲ್ಲಿ ಲೋಟ ತೊಳೆಯಲು ನಿಂತಳು. ಕೂತು ಉಣ್ಣು ಎಂದರೆ, “ಕೂತು ಉಣ್ಣಕೆ ನಾನೇನು ಏಜೆಂಟಾ?” ಎಂದಳು.

ನಮ್ಮ ಕೋರ್ಟಿನ ವಕೀಲರೊಬ್ಬರು ಬೆಳಿಗ್ಗೆ ಹೋಟೆಲಿಗೆ ಬರುತ್ತಿದ್ದರು. ನಾನು ಏಜೆಂಟರನ್ನು ಬಯ್ಯುತ್ತಿದ್ದುದನ್ನು ಕೇಳಿ, “ಅದಕ್ಯಾಕೆ ಬಯ್ತೀರಿ? ಎರಡು ಕಂಪನಿಗೂ ಒಂದೇ ದಿನ ನೋಟೀಸು ಕೊಡಿ. ಈಯಮ್ಮ ಬಸ್ಸಿನಲ್ಲಿ ಕೂತಿದ್ದೋರು. ಯಾರದು ತಪ್ಪು, ಎಷ್ಟು ತಪ್ಪು ಅಂತ ಪತ್ತೆ ಮಾಡೋದು ಇವರ ಕೆಲಸ ಅಲ್ಲ. ಅದು ಅವರವರ ಪಾಡು. ಆದರೆ ವರ್ಷ ತುಂಬೋದರೊಳಗೆ ಮಾಡಿ, ತುಂಬಿದರೆ ಕೋರ್ಟಿಗೆ ಹೋಗೋ ಹಕ್ಕೂ ಹೋಗುತ್ತೆ” ಎಂದರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಣ್ಣಮ್ಮ ಮಾತ್ರ ತೊಳೆಯುತ್ತಿದ್ದ ಲೋಟವನ್ನು ಹಾಗೇ ಮಡಗಿ, “ಎರಡು ಕಡೆಗಾ? ಆಗಲ್ಲ” ಎಂದಳು.

ಅದು ಮೊಂಡಾಟವಲ್ಲ. ಅವಳ ಕುಲದ ನ್ಯಾಯಕಟ್ಟೆಯ ಕಟ್ಟಳೆ ಹಾಗಿದೆ. ಅನ್ಯಾಯವಾದವರು ಯಜಮಾನರ ಮುಂದೆ ಒಂದು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಒಬ್ಬನ ಹೆಸರು ಹೇಳಬೇಕು. ಒಬ್ಬನದೇ. ಹೆಸರು ಹೇಳಿದ ಮೇಲೆ ಅವನೇ ತಪ್ಪುಗಾರ ಎಂದು ಆಣೆ ಮಾಡಿದ ಹಾಗೆ. ಅವನದು ತಪ್ಪಿಲ್ಲ ಎಂದು ತೀರ್ಮಾನವಾದರೆ ಹೇಳಿದವರೇ ದಂಡ ತೆರಬೇಕು, ಆಮೇಲೆ ಇನ್ನೊಬ್ಬನ ಹೆಸರು ಎತ್ತುವಂತಿಲ್ಲ. ಹಾಗೆ ಸುಮ್ಮಸುಮ್ಮನೆ ಇಬ್ಬರ ಹೆಸರು ಹಿಡಿದವರ ಮನೆಯಲ್ಲಿ ನೀರು ಮುಟ್ಟುವವರಿಲ್ಲ. ಏಜೆಂಟರು ‘ಮೊದಲು ಅಲ್ಲಿಗೆ ಹೋಗಿ’ ಎಂದಾಗಲೆಲ್ಲ ಸಣ್ಣಮ್ಮನಿಗೆ ತೋರಿದ್ದು ಇದೇ: ಅವನೇ ಮಾಡಿದ ಎಂದು ಆಣೆ ಇಡು. ಅಷ್ಟು ತಿಂಗಳು ಅಲೆದರೂ ಅವಳು ಯಾವ ಅರ್ಜಿಗೂ ಹೆಬ್ಬೆಟ್ಟು ಒತ್ತದೆ ಇದ್ದದ್ದು ಯಾಕೆಂದು ನನಗೆ ಆವತ್ತು ತಿಳಿಯಿತು.

“ನಾನು ನೋಡ್ನಿಲ್ಲ ಓಟ್ಲಣ್ಣ. ನಾನು ಬಗ್ಗಿ ಉಳಿ ಚೀಲ ನೋಡ್ತಿದ್ದೆ. ಬಿದಿರು ಬಂತೋ ಬಸ್ಸು ಓಯ್ತೋ ನಂಗೊತ್ತಿಲ್ಲ. ಕಾಣದ್ದ ಕಂಡೆ ಅಂತ ಯೋಳ್ಲಾ?”

“ಲಾರಿಯವನ ಹೆಸರು ಹೇಳು. ಬಟ್ಟೆ ಕಟ್ಟದೆ ನಿಲ್ಲಿಸಿದ್ದ ತಾನೇ!”

“ಅಂವ ನೀರಿಗೆ ಓಗಿದ್ದ. ಅವನ ಮಖವನ್ನೇ ನಾನು ಕಂಡಿಲ್ಲ. ಬಸವಯ್ಯ ಅಂಗಿ ಅರ್ದು ಕಟ್ದ. ಇಬ್ರಲ್ಲಿ ಯಾರ ಮ್ಯಾಲೆ ಆಣೆ ಇಕ್ಕಲಿ? ಬುಡು, ಲೋಟ ತೊಳ್ಕಂಡೇ ಸಾಯ್ತೀನಿ.”

ಇದರ ಜೊತೆಗೆ ಇನ್ನೊಂದು ಸುದ್ದಿ ಬಂತು. ವಿಮೆಯ ತಂಟೆ ತನ್ನ ಬಸ್ಸಿನ ಮೇಲೆ ಬಂದರೆ ಬಸವಯ್ಯನನ್ನು ಕೆಲಸದಿಂದ ತೆಗೆಯುತ್ತೇನೆ ಎಂದು ಬಸ್ಸಿನ ಮಾಲೀಕ ಎಲ್ಲರೆದುರು ಹೇಳಿದನಂತೆ. ಅದನ್ನು ಕೇಳಿದ ಮೇಲೆ ಸಣ್ಣಮ್ಮ ಆ ವಿಷಯವನ್ನೇ ಎತ್ತಬೇಡ ಎಂದಳು. ನಾನು ರೇಗಿದೆ, ಕೂಗಿದೆ, ಒಂದು ದಿನ ಹಿಟ್ಟಿನ ಪಾತ್ರೆಯನ್ನೇ ಒದ್ದೆ. ಹಿಟ್ಟು ಚೆಲ್ಲಿದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡದ್ದೇ ಬಂತು.

ಕೊನೆಗೆ ಬಸವಯ್ಯನೇ ಹೋಟೆಲಿಗೆ ಬಂದ. ಸಣ್ಣಮ್ಮ ಲೋಟ ತೊಳೆಯುವಲ್ಲಿಗೇ ಹೋಗಿ ನಿಂತ.

“ಏನಮ್ಮೋ, ನನ್ನ ಕಾಪಾಡ್ತಿದ್ದೀಯಂತೆ? ನಾನು ಕೇಳಿದ್ನಾ?”

“ನಿನ್ನ ಕೆಲಸ ಓಯ್ತದೆ ಕಣಪ್ಪ.”

“ಓದ್ರೆ ಓಗ್ಲಿ! ಸ್ಟೇರಿಂಗು ಆ ಮಾಲೀಕನ ಒಂದೇ ಬಸ್ಸಲ್ಲಿ ಅದಾ? ಬಸ್ಸಲ್ಲಿ ಕೂತೋರಿಗೆ ಏಟಾದ್ರೆ ಕೊಡ್ಬೇಕು ಅಂತ್ಲೇ ಅಂವ ವರ್ಸವರ್ಸ ಕಂಪ್ನಿಗೆ ಕಟ್ಟೋದು. ಕಟ್ದಿದ್ರೆ ಬಸ್ಸು ರೋಡಿಗೆ ಬುಡಕ್ಕಿಲ್ಲ. ನಿಂಗೆ ಬರ್ಬೇಕಾದ್ದ ಬುಟ್ಟು ನಂಗೆ ದಾನ ಮಾಡ್ತೀಯಾ? ನಾನೇನು ಬಿಕ್ಸುಕನಾ?”

“ನಿಂದೇ ತಪ್ಪು ಅಂತ ಎಂಗಪ್ಪ ಯೋಳ್ಲಿ?”

“ಬಿದಿರು ಕಂಡೆ ಕಣಮ್ಮ. ಗಾಡಿ ಬರೋದರೊಳಗೆ ದಾಟ್ಬುಡವ ಅಂದ್ಕಂಡೆ. ಅದು ತಪ್ಪೋ ಅಲ್ವೋ, ಕೇಳೋರು ಕೇಳ್ಲಿ, ನಾನು ಯೋಳ್ತೀನಿ. ನೀನ್ಯಾಕೆ ನನ್ನ ಬಾಯಿ ಮುಚ್ತೀಯ?”

ಅವನು ಹೋದ ಮೇಲೆ ಸಣ್ಣಮ್ಮ, “ಓಟ್ಲಣ್ಣ, ಆ ಇಬ್ರು ಏಜೆಂಟ್ರು ಒಂದೇ ತಾವು ಯಾವಾಗ ಸಿಕ್ತಾರೆ?” ಎಂದು ಕೇಳಿದಳು.

ಸಂತೆಮರಹಳ್ಳಿ ಸಂತೆಗೆ ಇಬ್ಬರೂ ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಸಂತೆಗೆ ಲಾರಿ, ಬಸ್ಸಿನ ಮಾಲೀಕರೆಲ್ಲ ಸೇರುತ್ತಾರೆ. ವಿಮೆ ಮುಗಿಯಲಿರುವವರನ್ನು ಹಿಡಿಯಲು ಏಜೆಂಟರು ಅಲ್ಲಿ ಹುಣಸೆಮರದ ಕೆಳಗೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಕುರ್ಚಿ ಹಾಕಿಕೊಳ್ಳುತ್ತಾರೆ. ವಕೀಲರು ಒಂದೇ ಮಾತಿನ ಎರಡು ನೋಟೀಸು ಬರೆದುಕೊಟ್ಟರು. ಟಪಾಲಿಗೆ ಹಾಕಿ ಎಂದರು. ಸಣ್ಣಮ್ಮ, “ಟಪಾಲು ಅವರ ಮಖ ನೋಡಲ್ಲ. ನಾನು ನೋಡ್ಬೇಕು” ಎಂದಳು.

ಸಂತೆಯ ದಿನ ಬಸ್ಸಿಳಿದವಳು ಮೊದಲು ವೀಳ್ಯದೆಲೆ ಮಾರುವವನ ಹತ್ತಿರ ಹೋಗಿ ಎರಡು ಎಲೆ, ಎರಡು ಅಡಿಕೆ ತೆಗೆದುಕೊಂಡಳು. ಅವಳ ಕುಲದ ಯಜಮಾನ ಪುಟ್ಟಮಾದು ಆ ಮರದ ಹತ್ತಿರವೇ ಕುರಿ ವ್ಯಾಪಾರದಲ್ಲಿ ನಿಂತಿದ್ದ. ಅವಳಿಗೂ ಅವನು ಕಂಡಿದ್ದ. ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಹೋದಳು. ಶಿವಮಲ್ಲಪ್ಪನ ಮುಂದೆ ಒಂದು ವೀಳ್ಯ, ಅದರ ಮೇಲೆ ಒಂದು ನೋಟೀಸು ಇಟ್ಟಳು. ಕುರ್ಚಿ ಸುತ್ತಿಕೊಂಡು ಹೋಗಿ ನೀಲಕಂಠಸ್ವಾಮಿಯವರ ಮುಂದೆ ಇನ್ನೊಂದು ಇಟ್ಟಳು.

ಪುಟ್ಟಮಾದು ಕುರಿಯ ಹಗ್ಗ ಬಿಟ್ಟು ಬಂದ. “ಏ ಸಣ್ಣಿ! ಏನ್ ಮಾಡ್ತಿದ್ದೀಯೆ? ಎರಡು ವೀಳ್ಯ ಇಕ್ಕೋದು ಯಾವ ಕಟ್ಲೆಲಿ ಅದೆ?”

“ನಿಮ್ಮ ಕಟ್ಲೆಲಿ ಇಲ್ಲ, ಯಜಮಾನ್ರೇ.”

“ಮತ್ತೆ?”

“ಆ ಕಟ್ಲೆ ಮಾಡ್ದಾಗ ಬಸ್ಸಿತ್ತಾ? ಲಾರಿ ಇತ್ತಾ? ಒಬ್ಬ ಎತ್ತು ಬುಟ್ಟು ಇನ್ನೊಬ್ಬನ ಒಲ ಮೇಯ್ಸ್‌ದಾಗ ಮಾಡಿದ್ದು ಅದು. ಎತ್ತಿಗೆ ಒಬ್ಬನೇ ಒಡೆಯ. ನನ್ನ ಕೈಯ್ಯ ಎರಡು ಗಾಡಿ ಸೇರ್ಕಂಡು ತಿಂದವೆ.”

“ಇಬ್ರ ಮ್ಯಾಲೂ ಆಣೆ ಇಟ್ರೆ ಒಂದು ಸುಳ್ಳಾಯ್ತದೆ, ಎಣ್ಣೇ.”

“ಆಣೆ ಇಕ್ತಿಲ್ಲ! ನಾನು ಇಂಥವನೇ ಮಾಡ್ದ ಅಂದ್ನಾ? ಬಸ್ಸು ನನ್ನ ಕೂರ್ಸ್ಕಂಡಿತ್ತು, ಬಿದಿರು ನನ್ನ ಒಡೀತು. ಇಷ್ಟು ನಿಜ. ಮಿಕ್ಕಿದ್ದು ಇವರಿಬ್ರು ಕೂತು ಬಗೆ ಅರಿಸ್ಕೊಳ್ಳಿ ಅಂತ ಯೋಳ್ತಿದ್ದೀನಿ. ನಿಮಗೆ ತಪ್ಪು ಅಂತ ಕಂಡ್ರೆ ದಂಡ ಆಕಿ. ನೀರು ಮುಟ್ಬ್ಯಾಡಿ. ಇಷ್ಟು ತಿಂಗ್ಳಿಂದ ನನ್ನ ಮನೇಲಿ ಮುಟ್ಟಕೆ ನೀರು ಬುಟ್ಟು ಇನ್ನೇನಿತ್ತು?”

ಸಂತೆಯ ಜನ ಸೇರಿಬಿಟ್ಟಿತ್ತು. ಲಾರಿ ಮಾಲೀಕರು, ಕುರಿಯವರು, ಎಲೆಯವನು ಎಲ್ಲ. ಪುಟ್ಟಮಾದು ಅವಳ ಕೈ ನೋಡಿದ. ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಆದರೆ ಅಲ್ಲಿಂದ ಕದಲಲೂ ಇಲ್ಲ, ಏಜೆಂಟರು ಏನು ಮಾಡುತ್ತಾರೆ ನೋಡೋಣ ಎಂಬಂತೆ ಕೈಕಟ್ಟಿ ನಿಂತ.

ಶಿವಮಲ್ಲಪ್ಪ ನೋಟೀಸನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ. “ಯೋಳಿರ್ನಿಲ್ವಾ, ಮೊದಲು ಗುಂಡ್ಲುಪೇಟೆ ಕಂಪ್ನಿ.”

“ಅಗೋ, ಗುಂಡ್ಲುಪೇಟೆ ನಿಮ್ಮ ಬೆನ್ನಿಂದೇನೆ ಕೂತದೆ. ತಿರುಗಿ ಕೇಳಿ ಸ್ವಾಮಿ, ಯಾರು ಮೊದಲು ಅಂತ.”

ಜನ ನಕ್ಕರು. ನೀಲಕಂಠಸ್ವಾಮಿಯವರು ಗಂಟಲು ಸರಿಮಾಡಿಕೊಂಡು, “ನಾವು ತಗೊಳ್ಳೋಲ್ಲ ಅಂತ ಯಾವತ್ತೂ ಹೇಳಿಲ್ಲ. ಅವರು ತಗೊಂಡರೆ ನಾವೂ ತಗೋತೀವಿ” ಎಂದರು. ಶಿವಮಲ್ಲಪ್ಪ, “ಅವರು ತಗಂಡ್ರೆ ನಾವೂ ತಗೋತೀವಿ” ಎಂದ. ಇಬ್ಬರೂ ಹಾಗೆಂದು ಕೈ ಮುದುಡಿಕೊಂಡು ಕೂತರು. ನನಗೆ ತಡೆಯಲಾಗಲಿಲ್ಲ. “ನಾಳೆಯಿಂದ ಇಬ್ಬರ ಮನೆ ಮುಂದೂ ಒಲೆ ಹೂಡಿ ಇವಳಿಗೆ ಅಲ್ಲೇ ಅನ್ನ ಬೇಯಿಸ್ತೀನಿ” ಎಂದು ಕೂಗಿದೆ. ಆದರೆ ಅವರನ್ನು ಅಲ್ಲಾಡಿಸಿದ್ದು ನನ್ನ ಕೂಗಲ್ಲ. ಮುಂದೆ ನಿಂತಿದ್ದ ಒಬ್ಬ ಲಾರಿ ಮಾಲೀಕ ತನ್ನ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು, “ಏಟಾದೋರಿಗೆ ಇಂಗೆ ಮಾಡದಾದ್ರೆ ನಾಳೆ ನಂಗೂ ಇಂಗೇ ಮಾಡ್ತೀರ. ನಾನು ಬ್ಯಾರೆ ಕಂಪ್ನಿ ನೋಡ್ತೀನಿ” ಎಂದು ಹೊರಟ. ಅವನ ಹಿಂದೆ ಇನ್ನೊಬ್ಬ. ಅದನ್ನು ಕಂಡದ್ದೇ ಎರಡು ಕೈಗಳು ಒಟ್ಟಿಗೆ ಎರಡು ನೋಟೀಸಿನ ಮೇಲೆ ಬಿದ್ದವು.

ನೀಲಕಂಠಸ್ವಾಮಿಯವರು ತಮ್ಮ ಕಂಪನಿಯ ಫಾರಂ ತೆಗೆದು ಮಸಿಯ ಡಬ್ಬಿ ಮುಂದಿಟ್ಟರು. “ಇಲ್ಲಿ ಹೆಬ್ಬೆಟ್ಟು. ಗಂಡಸರಾದರೆ ಎಡಗೈದು, ಹೆಂಗಸರದು ಬಲಗೈದು. ನಮ್ಮ ಆಫೀಸಿನ ಪದ್ಧತಿ.”

ಸಣ್ಣಮ್ಮ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಅವರ ಮೂಗಿನ ಹತ್ತಿರ ಹಿಡಿದಳು. “ಆ ಎಬ್ಬೆಟ್ಟ ಕೇಳಕೇ ಬಂದಿರದು ಸ್ವಾಮಿ. ಎಲ್ಲಾದ್ರೂ ಸಿಕ್ರೆ ನೀವೇ ಒತ್ಕಳಿ.”

ಎಡಗೈಯದನ್ನೇ ಒತ್ತಿಸಿಕೊಂಡರು. ಎರಡು ಫಾರಮ್ಮಿಗೂ.

ಇದಾದ ಮೇಲೆ ದುಡ್ಡು ಹಾರಿಕೊಂಡು ಬರಲಿಲ್ಲ. ಎರಡು ಕಂಪನಿಗಳೂ ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಕಚ್ಚಾಡಿದವು. ವಕೀಲರು ವರ್ಷ ತುಂಬುವ ಮುಂಚೆ ದಾವಾ ಹಾಕಿ ಇಬ್ಬರನ್ನೂ ಹೆದರಿಸಬೇಕಾಯಿತು. ಬಸವಯ್ಯನ ಕೆಲಸ ಹೋಯಿತು. ಅವನು ನಗುತ್ತಲೇ ಹೋಗಿ ಇನ್ನೊಬ್ಬರ ಬಸ್ಸು ಹತ್ತಿದ. ಪುಟ್ಟಮಾದು ದಂಡ ಹಾಕಲಿಲ್ಲ, ಆದರೆ ಚಂದಕವಾಡಿ ಕಡೆಯ ಕೆಲವು ಮನೆಯವರು ಸಣ್ಣಮ್ಮನನ್ನು ಮದುವೆ, ಹಬ್ಬಕ್ಕೆ ಕರೆಯುವುದು ನಿಲ್ಲಿಸಿದರು. ‘ಎರಡು ಕಡೆ ತಿಂದವಳು’ ಎಂಬ ಮಾತು ಹುಟ್ಟಿದ್ದು ಅಲ್ಲಿ. ಕೊನೆಗೆ ಒಂದೇ ಕೈಗೆ ಒಂದೇ ಪರಿಹಾರ ಬಂತು. ಕೊಟ್ಟವರು ಇಬ್ಬರು, ಅಷ್ಟೆ. ಗೊತ್ತಿಲ್ಲದವರು ತಿಳಿದುಕೊಳ್ಳಲಿ, ಗೊತ್ತಿದ್ದೂ ಹಾಗೆನ್ನುವವರು ನನ್ನ ಹೋಟೆಲಿನ ಮೆಟ್ಟಿಲು ಹತ್ತದಿರಲಿ.

ಒಪ್ಪಂದಕ್ಕೆ ಮುಂಚೆ ಬಸ್ಸಿನ ವಿಮಾ ಕಂಪನಿಯ ದೊಡ್ಡ ಸಾಹೇಬರೊಬ್ಬರು ಕಾರಿನಲ್ಲಿ ಬಂದು ನನ್ನ ಹೋಟೆಲಿನಲ್ಲೇ ಕೂತು ಅವಳ ಹೇಳಿಕೆ ಬರೆದುಕೊಂಡರು. ಪ್ಯಾಂಟಿನ ಮಡಿಕೆ ಕೆಡದ ಹಾಗೆ ಬೆಂಚಿನ ತುದಿಯಲ್ಲಿ ಕೂತು, ಮೆತ್ತಗೆ ಕೇಳಿದರು.

“ಲಾರಿಯವನದೇ ತಪ್ಪು ಅಂತ ಒಂದು ಮಾತು ಹೇಳಿಬಿಡಮ್ಮ. ಕಾಗದ ಮೈಸೂರಿಗೆ ಹೋಗಿ ಬೇಗ ಮುಗಿದುಹೋಗುತ್ತೆ.”

“ನಾನು ನೋಡ್ನಿಲ್ಲ, ಸ್ವಾಮಿ.”

“ನೋಡದಿದ್ದರೇನು, ನಿನಗೇ ಒಳ್ಳೆಯದು. ಬೇಗ ಸಿಗುತ್ತೆ.”

ಸಣ್ಣಮ್ಮ ತೊಳೆಯುತ್ತಿದ್ದ ಲೋಟವನ್ನು ಬೋರಲು ಹಾಕಿದಳು. “ಬಿರ್ನೆ ಸಿಕ್ಲಿ ಅಂತ ಸುಳ್ಳು ಯೋಳಂಗಿದ್ರೆ ಮೊದಲ ದಿನವೇ ಯೋಳ್ತಿದ್ದೆ. ಇಷ್ಟು ಕಾದವಳು ನಾನು. ಈಗ ನೀವು ಕಾಯಿರಿ. ಕಂಡಿಲ್ಲ ಅಂದೆ, ಕಂಡಿಲ್ಲ ಅಂತ್ಲೇ ಬರ್ಕಳಿ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಗೆಯೇ ಬರೆದುಕೊಂಡರು.